ಎದೆಯೊಳಗೆ ಮೆಷಿನ್, ಹೊರಗೆ ತೋಟ: ಆಪರೇಶನ್‌ಗೆ ಮುಂಚೆ ಕೇಳಬೇಕಾದ್ದು, ಆಮೇಲೆ ನೋಡಿಕೊಳ್ಳಬೇಕಾದ್ದು

ಅಪ್ಪನಿಗೆ ಹೃದಯದ ಬಡಿತ ನಿಧಾನವಾಗದ ಹಾಗೆ ನೋಡಿಕೊಳ್ಳುವ ಪೇಸ್‌ಮೇಕರ್ ಹಾಕಬೇಕು ಎಂದು ಮೈಸೂರಿನಲ್ಲಿ ಡಾಕ್ಟರ್ ಹೇಳಿದಾಗ ನಾವು ಮೂರು ಪ್ರಶ್ನೆ ಕೇಳಿದೆವು. ಎಷ್ಟು ಖರ್ಚಾಗುತ್ತದೆ? ಎಷ್ಟು ದಿನ ಆಸ್ಪತ್ರೆಯಲ್ಲಿರಬೇಕು? ಊಟಕ್ಕೆ ಪಥ್ಯ ಇದೆಯಾ? ಮೂರಕ್ಕೂ ಉತ್ತರ ಸಿಕ್ಕಿತು. ವಾಪಸ್ ಬರುವಾಗ ಕಾರು ಹುಣಸೂರು ದಾಟಿದ ಮೇಲೆ ಅಪ್ಪ ನಿಧಾನಕ್ಕೆ ಬಾಯಿ ಬಿಟ್ಟರು. "ಅಲ್ಲ, ಇದು ಹಾಕಿಸಿಕೊಂಡ ಮೇಲೆ ಬೇಲಿ ಮುಟ್ಟಿದರೆ ಏನಾಗುತ್ತೆ?"

ಬೇಲಿ ಅಂದರೆ ಸೋಲಾರ್ ಬೇಲಿ. ಆನೆ ತೋಟಕ್ಕೆ ಇಳಿಯದಿರಲಿ ಎಂದು ಕಟ್ಟಿದ್ದು. ಅಪ್ಪ ದಿನಕ್ಕೆ ಎರಡು ಸಲವಾದರೂ ಅದರ ಗೇಟು ತೆಗೆದು ಹಾಕುತ್ತಾರೆ. ಬೆಳಿಗ್ಗೆಯಿಂದ ಅವರ ತಲೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ. ಅಲ್ಲೇ ಯಾಕೆ ಕೇಳಲಿಲ್ಲ ಎಂದರೆ, "ಅಷ್ಟು ದೊಡ್ಡ ಡಾಕ್ಟ್ರ ಹತ್ರ ಬೇಲಿ ವಿಷಯ ಮಾತಾಡೋಕಾಗುತ್ತಾ?" ಅಂದರು.

ಅದಾಗಿ ಒಂಬತ್ತು ವರ್ಷವಾಯಿತು. ಮೊದಲನೆಯದರ ಬ್ಯಾಟರಿ ಮುಗಿದು ಈಗ ಎರಡನೇ ಪೇಸ್‌ಮೇಕರ್ ಬಂದಿದೆ. ನಡುವೆ ನನ್ನ ಅತ್ತೆಯವರಿಗೆ ಮಂಡಿ ಬದಲಾಯಿಸಿದ್ದೂ ಆಯಿತು. ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಫೈಲ್ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡಿದವಳು ಅಷ್ಟೇ. ಹಾಗೆ ಓಡಾಡಿ ಕಲಿತದ್ದನ್ನು ಕೊಡಗಿನ ತೋಟದ ಮನೆಗಳಿಗೆ ಉಪಯೋಗ ಆಗುವ ಹಾಗೆ ಬರೆದಿದ್ದೇನೆ. ನಿಮ್ಮ ವಿಷಯದಲ್ಲಿ ಕೊನೇ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಅವರು ಹೇಳಬೇಕಾದರೆ ನೀವು ಕೇಳಬೇಕು, ಅಲ್ವಾ?

ಹೆಜ್ಜೆ 1: ದಿನದ ಕೆಲಸವನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ

ಆಪರೇಶನ್ ದಿನ ಗೊತ್ತಾಗುವ ಮುಂಚೆಯೇ ಇದನ್ನು ಮಾಡಿ. ರೋಗಿ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡುತ್ತಾರೆ? ಯಾವ ಮೆಷಿನ್ ಮುಟ್ಟುತ್ತಾರೆ? ಯಾವ ಕೈಯಲ್ಲಿ ಭಾರ ಎತ್ತುತ್ತಾರೆ? ವರ್ಷಕ್ಕೆ ಒಂದೇ ಸಲ ಮಾಡುವ ಕೆಲಸವನ್ನೂ ಸೇರಿಸಿ.

ನಮ್ಮ ಚೀಟಿಯಲ್ಲಿ ಇದ್ದದ್ದು ಇಷ್ಟು: ಸೋಲಾರ್ ಬೇಲಿ, ಮೆಣಸು ಕೊಯ್ಯುವ ಬಿದಿರೇಣಿ, ಕಳೆ ಹೊಡೆಯುವ ಮೆಷಿನ್, ಮರ ಕೊಯ್ಯುವ ಮೆಷಿನ್, ಬೆನ್ನಿಗೆ ಹಾಕುವ ಸ್ಪ್ರೇಯರ್, ಜನರೇಟರ್, ಜೀಪು, ಕೋವಿ. ಕೊನೆಯದನ್ನು ಬರೆಯಲು ಅಪ್ಪನಿಗೆ ಮನಸ್ಸಿರಲಿಲ್ಲ. ನಾನೇ ಬರೆದೆ. ಇಡೀ ಚೀಟಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಯಾಕೆಂದರೆ ಪೇಸ್‌ಮೇಕರನ್ನು ಸಾಮಾನ್ಯವಾಗಿ ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದ ಅಡಿ ಇಡುತ್ತಾರೆ. ಅಲ್ಲಿಂದ ಲೀಡ್ ಎನ್ನುವ ತೆಳು ತಂತಿ ರಕ್ತನಾಳದ ಒಳಗಿಂದ ಹೃದಯಕ್ಕೆ ಹೋಗುತ್ತದೆ. ಕೋವಿಯ ಮರದ ಹಿಡಿ ಒತ್ತಿ ಕೂರುವುದೂ ಹೆಚ್ಚು ಕಡಿಮೆ ಆ ಜಾಗದಲ್ಲೇ. ಗುಂಡು ಹಾರಿದಾಗಿನ ಒದೆತಕ್ಕೆ ಮೆಷಿನ್‌ಗೂ ಲೀಡ್‌ಗೂ ಪೆಟ್ಟಾಗಬಹುದು. ಬಲ ಹೆಗಲಿಗೆ ಇಟ್ಟು ಹೊಡೆಯುವವರಿಗೆ ಎಡಗಡೆಯ ಪೇಸ್‌ಮೇಕರ್‌ನಿಂದ ಅಷ್ಟು ಚಿಂತೆ ಇಲ್ಲ. ನಮ್ಮಪ್ಪ ಎಡಚ. ಡಾಕ್ಟರ್ ಚೀಟಿ ನೋಡಿ, ಎರಡು ಪ್ರಶ್ನೆ ಕೇಳಿ, ಬಲಗಡೆಗೆ ಹಾಕಿದರು. ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುರಿಯಿಡುವ, ಹುತ್ತರಿಗೆ ಕದಿರು ತೆಗೆಯುವಾಗ ಗುಂಡು ಹಾರಿಸುವ ಊರು ನಮ್ಮದು. ಇಲ್ಲಿ ಇದು ಸಣ್ಣ ವಿಷಯ ಅಲ್ಲ. ಹಾಕಿದ ಮೇಲೆ ಕಡೆ ಬದಲಿಸುವುದು ಅಂದರೆ ಇನ್ನೊಂದು ಆಪರೇಶನ್.

ಈಗ ಬೇಲಿ. ಸೋಲಾರ್ ಬೇಲಿಯಲ್ಲಿ ಕರೆಂಟ್ ಬಿಟ್ಟು ಬಿಟ್ಟು, ಸುಮಾರು ಸೆಕೆಂಡಿಗೊಂದು ಸಲ, ಜೋರಾಗಿ ಹೊಡೆಯುತ್ತದೆ. ಪಕ್ಕದ ದಾರಿಯಲ್ಲಿ ನಡೆದು ಹೋದರೆ ಏನೂ ಆಗುವುದಿಲ್ಲ. ಮುಟ್ಟಬಾರದು ಅಷ್ಟೇ. ಆ ಹೊಡೆತವನ್ನು ಪೇಸ್‌ಮೇಕರ್ ಹೃದಯದ್ದೇ ಬಡಿತ ಎಂದು ಒಂದು ಕ್ಷಣ ತಪ್ಪು ತಿಳಿದುಕೊಳ್ಳಬಹುದು. ಐಸಿಡಿ ಹಾಕಿಸಿಕೊಂಡವರು ಇನ್ನೂ ಹುಷಾರಾಗಿರಬೇಕು. ಐಸಿಡಿ ಅಂದರೆ ಹೃದಯದ ಬಡಿತ ಅಪಾಯದ ಮಟ್ಟಕ್ಕೆ ಓಡಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುವ ಮೆಷಿನ್. ಬೇಲಿಯ ಹೊಡೆತ ನೋಡಿ ಅದು ಸುಮ್ನೆ ಶಾಕ್ ಕೊಟ್ಟುಬಿಡುವ ಸಾಧ್ಯತೆ ಇದೆ. ಬೇಲಿಗೆ ಬಿದ್ದ ಕೊಂಬೆ ತೆಗೆಯುವುದಿದ್ದರೆ ಮೊದಲು ಬ್ಯಾಟರಿ ಪೆಟ್ಟಿಗೆಯ ಸ್ವಿಚ್ ಆರಿಸಿ. ಅದಕ್ಕಿಂತ ಒಳ್ಳೆಯದು, ಆ ಕೆಲಸ ಬೇರೆಯವರಿಗೆ ಬಿಡಿ. ಅರಣ್ಯ ಇಲಾಖೆಯ ರೈಲು ಕಂಬಿ ಬೇಲಿಗೆ ಕರೆಂಟಿಲ್ಲ, ಅದನ್ನು ಒರಗಿಕೊಂಡು ನಿಂತರೂ ಸರಿ. ರೈಲೇ ಇಲ್ಲದ ಜಿಲ್ಲೆಗೆ ಆನೆಯ ದೆಸೆಯಿಂದ ರೈಲು ಕಂಬಿಯಾದರೂ ಬಂತು!

ಪೆಟ್ರೋಲ್ ಎಂಜಿನ್‌ನ ಮೆಷಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವ ಭಾಗ ಪೇಸ್‌ಮೇಕರ್‌ನಿಂದ ಒಂದಡಿಯಾದರೂ ದೂರ ಇರಬೇಕು. ಕಳೆ ಮೆಷಿನ್‌ನಲ್ಲಿ ಇದು ಕಷ್ಟವಲ್ಲ, ಎಂಜಿನ್ ಹಿಂದಿರುತ್ತದೆ. ಮರ ಕೊಯ್ಯುವ ಮೆಷಿನ್‌ನಲ್ಲಿ ಎದೆಯ ಹತ್ತಿರಕ್ಕೇ ಬರುತ್ತದೆ. ತಲೆಸುತ್ತು ಬಂದರೆ ಕೈಯಲ್ಲಿರುವುದು ಕೊಯ್ಯುವ ಮೆಷಿನ್ ಎನ್ನುವುದನ್ನೂ ನೆನಪಿಡಿ. ಅಪ್ಪ ಅದನ್ನು ಬಿಟ್ಟೇ ಬಿಟ್ಟರು. ಜೀಪಿನ ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ಮೇಲೆ ಬಗ್ಗುವುದು, ಓಡುತ್ತಿರುವ ಜನರೇಟರನ್ನು ಅಪ್ಪಿಕೊಂಡ ಹಾಗೆ ಬಾಗಿ ನೋಡುವುದು, ಎರಡೂ ಬೇಡ. ವೆಲ್ಡಿಂಗ್ ಆಗುವ ಕಡೆಯಿಂದ ಎರಡಡಿ ದೂರ ಕನಿಷ್ಠ. ಸ್ವಂತ ವೆಲ್ಡಿಂಗ್ ಮಾಡುವವರು ಡಾಕ್ಟರ ಹತ್ತಿರ ಬಿಡಿಸಿ ಕೇಳಲೇಬೇಕು. ಸ್ಪ್ರೇಯರ್‌ನದ್ದು ಬೇರೆ ತೊಂದರೆ. ಅದರ ಹೆಗಲಪಟ್ಟಿ ನೇರ ಪೇಸ್‌ಮೇಕರ್ ಮೇಲೆಯೇ ಉಜ್ಜುತ್ತದೆ. ಹದಿನೈದು ಲೀಟರ್ ಬೋರ್ಡೋ ದ್ರಾವಣದ ಭಾರ ಆ ಪಟ್ಟಿಯ ಮೇಲೆ ಅಂದರೆ ನೀವೇ ಲೆಕ್ಕ ಹಾಕಿ.

ಮನೆಯೊಳಗೆ ಹೆದರಿಕೆ ಕಡಿಮೆ. ಟಿವಿ, ಮಿಕ್ಸಿ, ಫ್ರಿಜ್, ಮೈಕ್ರೋವೇವ್ ಯಾವುದಕ್ಕೂ ಭಯ ಬೇಡ. ಇಂಡಕ್ಷನ್ ಒಲೆ ಉರಿಯುವಾಗ ಎರಡಡಿ ಹಿಂದೆ ನಿಂತರೆ ಒಳ್ಳೆಯದು. ಮೊಬೈಲ್ ಪೇಸ್‌ಮೇಕರ್‌ನಿಂದ ಅರ್ಧ ಅಡಿ ದೂರ ಇರಲಿ, ಅಂದರೆ ಅಂಗಿಯ ಆ ಕಡೆಯ ಜೇಬಿನಲ್ಲಿ ಬೇಡ. ಹೊಸ ಫೋನ್‌ಗಳಲ್ಲಿ, ಅವುಗಳ ಕವರ್‌ಗಳಲ್ಲಿ ಮ್ಯಾಗ್ನೆಟ್ ಇರುತ್ತದೆ, ಅದಕ್ಕೇ ಈ ಮಾತು. ಎಲ್ಲಾದರೂ ಮೆಷಿನ್ ಹತ್ತಿರ ತಲೆ ತಿರುಗಿದ ಹಾಗಾದರೆ ತಕ್ಷಣ ದೂರ ಸರಿಯಿರಿ. ಬಹುತೇಕ ಸಲ ದೂರ ಹೋದ ಕೂಡಲೇ ಪೇಸ್‌ಮೇಕರ್ ಮೊದಲಿನ ಹಾಗೆ ಕೆಲಸ ಮಾಡುತ್ತದೆ.

ಹೆಜ್ಜೆ 2: ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಮೊದಲೇ ತಿಳಿಯಿರಿ

ಊರಿನಲ್ಲಿ ಎರಡು ಥರದ ಮಾತು ಕೇಳುತ್ತೇವೆ. ಒಂದು, "ಅದು ಹಾಕಿದರೆ ಇನ್ನು ಹಾರ್ಟ್ ಅಟ್ಯಾಕ್ ಆಗಲ್ಲ." ಇನ್ನೊಂದು, "ಅದು ಹಾಕಿದರೆ ಜೀವ ಹೋಗಬೇಕಾದಾಗಲೂ ಹೋಗಲ್ಲ, ನರಳಬೇಕು." ಎರಡೂ ತಪ್ಪು. ಪೇಸ್‌ಮೇಕರ್ ಬಡಿತ ನಿಧಾನವಾದಾಗ ಸಣ್ಣ ಕರೆಂಟು ಕೊಟ್ಟು ಹೃದಯವನ್ನು ಎಚ್ಚರಿಸುತ್ತದೆ. ರಕ್ತನಾಳ ಕಟ್ಟಿಕೊಂಡರೆ ಅದು ಏನೂ ಮಾಡಲಾರದು. ಅದಕ್ಕೆ ನಾಳವನ್ನು ತೆರೆದಿಡುವ ಸ್ಟೆಂಟ್, ಬೈಪಾಸ್, ಔಷಧ ಬೇರೆ. ಹಾಗೆಯೇ ಕೊನೆಗಾಲದಲ್ಲಿ ಹೃದಯದ ಮಾಂಸವೇ ಸೋತ ಮೇಲೆ ಪೇಸ್‌ಮೇಕರ್ ಎಷ್ಟು ಕರೆದರೂ ಅದು ಓಗೊಡುವುದಿಲ್ಲ.

ಎಷ್ಟು ವರ್ಷ ಬರುತ್ತದೆ ಎನ್ನುವುದು ಎಲ್ಲರ ಪ್ರಶ್ನೆ. ಜಗತ್ತಿನಲ್ಲಿ ಮೊದಲ ಸಲ ದೇಹದ ಒಳಗೆ ಪೇಸ್‌ಮೇಕರ್ ಇಟ್ಟದ್ದು 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್‌ನಲ್ಲಿ, ಆರ್ನೆ ಲಾರ್ಸನ್ ಎನ್ನುವವರಿಗೆ. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಅವರು ಆಮೇಲೆ ಒಟ್ಟು 26 ಪೇಸ್‌ಮೇಕರ್ ಬದಲಿಸಿಕೊಂಡು, 86ನೇ ವಯಸ್ಸಿನಲ್ಲಿ, 2001ರಲ್ಲಿ ತೀರಿಕೊಂಡರು. ಅದೂ ಹೃದಯದಿಂದ ಅಲ್ಲ, ಕ್ಯಾನ್ಸರ್‌ನಿಂದ. ಈಗಿನವು ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತವೆ. ಹೃದಯ ಅದನ್ನು ಜಾಸ್ತಿ ನೆಚ್ಚಿಕೊಂಡಷ್ಟೂ ಬ್ಯಾಟರಿ ಬೇಗ ಖರ್ಚು. ಬ್ಯಾಟರಿ ಒಂದು ಬೆಳಿಗ್ಗೆ ಟಾರ್ಚ್ ಆರಿದ ಹಾಗೆ ಆರಿಹೋಗುವುದಿಲ್ಲ. ಚೆಕಪ್‌ನಲ್ಲಿ ತಿಂಗಳುಗಳ ಮುಂಚೆಯೇ ಗೊತ್ತಾಗುತ್ತದೆ. ಆಗ ಬ್ಯಾಟರಿ ಒಂದನ್ನೇ ಅಲ್ಲ, ಇಡೀ ಡಬ್ಬಿಯನ್ನೇ ಬದಲಿಸುತ್ತಾರೆ. ಲೀಡ್ ಚೆನ್ನಾಗಿದ್ದರೆ ಹಳೆಯದೇ ಇರುತ್ತದೆ.

ಮಂಡಿಯದ್ದು ಬೇರೆ ಆಸೆ. ನಮ್ಮ ಅತ್ತೆ ಕೇಳಿದ್ದು ಒಂದೇ: ತಲಕಾವೇರಿ ಮೆಟ್ಟಿಲು ಹತ್ತುತ್ತೇನಾ? ಹತ್ತಿದರು. ಆದರೆ ಮೊದಲಿನ ಹಾಗೆ ಕುಕ್ಕರುಗಾಲಲ್ಲಿ ಕೂತು ಉದುರಿದ ಕಾಫಿ ಹೆಕ್ಕಲು ಆಗುವುದಿಲ್ಲ. ಅದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಅದಕ್ಕೇ ಬೇಜಾರಾದದ್ದು. ಬಾಳಿಕೆಯ ವಿಷಯದಲ್ಲಿ ಧೈರ್ಯ ಇರಲಿ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2019ರಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬರುತ್ತವೆ. ನಕಲಿ ಬಳೆ, ಓಲೆ ಹಾಕಿದರೆ ಚರ್ಮ ತುರಿಸುವವರು ಅದನ್ನು ಡಾಕ್ಟರಿಗೆ ಹೇಳಿ. ಮಂಡಿಯ ಲೋಹದಲ್ಲಿಯೂ ನಿಕ್ಕಲ್ ಇರಬಹುದು.

ಕಿವಿ ಕೇಳದ ಮಕ್ಕಳಿಗೆ ಕೇಳಿಸಲೆಂದು ಕಾಕ್ಲಿಯರ್ ಇಂಪ್ಲಾಂಟ್ ಎನ್ನುವ ಮೆಷಿನ್ ಹಾಕಿಸುವ ಅಪ್ಪ ಅಮ್ಮಂದಿರ ಆಸೆ ಎಲ್ಲಕ್ಕಿಂತ ದೊಡ್ಡದು. ಆಪರೇಶನ್ ಆದ ಮಾರನೇ ದಿನ ಮಗು "ಅಮ್ಮ" ಅನ್ನುವುದಿಲ್ಲ. ಮೆಷಿನ್ ಚಾಲೂ ಮಾಡುವುದೇ ಕೆಲವು ವಾರ ಬಿಟ್ಟು. ಆಮೇಲೆ ಕೇಳುವುದನ್ನು ಕಲಿಸುವ ತರಬೇತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಎಷ್ಟು ಸಣ್ಣ ವಯಸ್ಸಿನಲ್ಲಿ ಹಾಕಿಸಿದರೆ ಅಷ್ಟು ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪರೀಕ್ಷೆಗೂ ತರಬೇತಿಗೂ ನಮಗೆ ಅದೇ ಹತ್ತಿರ. ಕೊಡಗಿನ ಮಳೆಗಾಲಕ್ಕೆ ಒಂದು ಮಾತು: ಕಿವಿಯ ಹೊರಗೆ ಇರುವ ಭಾಗವನ್ನು ರಾತ್ರಿ ತೇವ ಎಳೆಯುವ ಡಬ್ಬಿಯಲ್ಲೇ ಇಡಿ. ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು.

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ ಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತಯಾರು ಮಾಡಿದ, 1990ರಲ್ಲಿ ಮೊದಲು ಹಾಕಿದ ನಮ್ಮ ದೇಶದ ಕವಾಟಕ್ಕೂ ಇದೇ ನಿಯಮ. ಸೊಪ್ಪಿನಲ್ಲಿ ಇರುವ ವಿಟಮಿನ್ ಕೆ ಈ ಮಾತ್ರೆಯ ಶಕ್ತಿ ಕಡಿಮೆ ಮಾಡುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಹೆಚ್ಚು ಕಡಿಮೆ ಒಂದೇ ಪ್ರಮಾಣ ತಿನ್ನಬೇಕು. ನಮ್ಮಲ್ಲಿ ಆಗುವುದೇ ಉಲ್ಟಾ. ಬೇಸಿಗೆಯಲ್ಲಿ ಸೊಪ್ಪೇ ಇಲ್ಲ, ಮಳೆ ಹಿಡಿದರೆ ದಿನಾ ಕೆಸ, ತೆರ್ಮೆ. ಮತ್ತೆ ಆಟಿ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ! ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ, ಎಲ್ಲರಿಗೂ ಗೊತ್ತು, ಯಾರೂ ಹೆದರುವುದಿಲ್ಲ. ವಾರ್ಫರಿನ್ ಜಾಸ್ತಿಯಾದರೆ ಬರುವ ಅಪಾಯದ ಗುರುತೂ ಕೆಂಪು ಮೂತ್ರವೇ. ಹಾಗಾಗಿ ಪಾಯಸ ತಿನ್ನಬಹುದಾ ಎಂದು ಮೊದಲೇ ಕೇಳಿ. ತಿಂದು ಮಾರನೇ ದಿನವೂ ಬಣ್ಣ ಹೋಗದಿದ್ದರೆ "ಮದ್ದಿನದ್ದೇ" ಎಂದು ಕೂರಬೇಡಿ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದೇ ಮಾತು. ಡಾಕ್ಟರ್ ಹೇಳುವವರೆಗೆ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸಬೇಡಿ. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರಿಗೆ ಫೋನ್ ಮಾಡಿಯೇ.

ಹೆಜ್ಜೆ 3: ಡಾಕ್ಟರ ಮುಂದೆ ಈ ಐದನ್ನು ಕೇಳಿ

ಚೀಟಿಯನ್ನು ಕೊಟ್ಟ ಮೇಲೆ ಇವನ್ನು ಕೇಳಿ. ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಕಾರು ಹತ್ತಿದ ಮೇಲೆ ಒಬ್ಬರಿಗೆ ಒಂದು ನೆನಪು, ಇನ್ನೊಬ್ಬರಿಗೆ ಇನ್ನೊಂದು.

ಒಂದು, ಇದು ನನಗೆ ಯಾಕೆ ಬೇಕು, ಹಾಕದಿದ್ದರೆ ಏನಾಗುತ್ತದೆ? ನಾಚಿಕೊಳ್ಳದೆ ಕೇಳಿ. ಅನುಮಾನ ಇದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸುವುದು ಅವಮಾನ ಮಾಡಿದ ಹಾಗಲ್ಲ.

ಎರಡು, ಇದು ಇದ್ದರೆ ಮುಂದೆ ಎಂಆರ್‌ಐ, ಅಂದರೆ ದೊಡ್ಡ ಮ್ಯಾಗ್ನೆಟ್‌ನ ಸ್ಕ್ಯಾನ್, ಮಾಡಿಸಬಹುದಾ? ಡಬ್ಬಿ ಮಾತ್ರ ಎಂಆರ್‌ಐಗೆ ಸರಿ ಇದ್ದರೆ ಸಾಲದು. ಲೀಡ್ ಕೂಡ ಸರಿ ಇರಬೇಕು. ವಯಸ್ಸಾದವರಿಗೆ ಬೆನ್ನು, ಮಂಡಿ, ಸ್ಟ್ರೋಕ್ ಎಂದು ಎಂಆರ್‌ಐ ಬೇಕಾಗುವುದು ಮಾಮೂಲು.

ಮೂರು, ಚೆಕಪ್ ಎಲ್ಲಿ? ನಮ್ಮಂಥವರಿಗೆ ಇದೇ ಮುಖ್ಯವಾದ ಪ್ರಶ್ನೆ. ಪೇಸ್‌ಮೇಕರನ್ನು ಹೊರಗಿನಿಂದ ಪರೀಕ್ಷೆ ಮಾಡುವ ಯಂತ್ರಕ್ಕೆ ಪ್ರೋಗ್ರಾಮರ್ ಎನ್ನುತ್ತಾರೆ. ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಪೇಸ್‌ಮೇಕರನ್ನು ಓದುವುದಿಲ್ಲ. ಬೆಂಗಳೂರಿನಲ್ಲಿ ಹಾಕಿಸಿಕೊಂಡು ಬಂದು, ಆ ಕಂಪನಿಯದ್ದು ಹತ್ತಿರದಲ್ಲಿ ಎಲ್ಲೂ ಸಿಗದಿದ್ದರೆ ಪ್ರತಿ ಸಲವೂ ಬೆಂಗಳೂರೇ ಗತಿ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಹಾಕಿದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಒಂದು ಸಲ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಹೋಗಬೇಕು. ಮೈಸೂರು, ಮಂಗಳೂರು, ವಿರಾಜಪೇಟೆ ಕಡೆಯವರಾದರೆ ಕಣ್ಣೂರು, ಇದರಲ್ಲಿ ಎಲ್ಲಿ ಆಗುತ್ತದೆ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ.

ನಾಲ್ಕು, ಮನೆಯಿಂದಲೇ ವಿವರ ಕಳಿಸುವ ಯಂತ್ರಕ್ಕೆ ದುಡ್ಡು ಕೊಡಬೇಕಾ? ಒಳ್ಳೆಯ ವ್ಯವಸ್ಥೆಯೇ. ಆದರೆ ಅದಕ್ಕೆ ಮೊಬೈಲ್ ನೆಟ್‌ವರ್ಕ್ ಬೇಕು. ಫೋನ್ ಮಾಡಲು ಗೇಟಿನ ತನಕ ನಡೆಯುವ ಮನೆಗೆ, ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟಿಲ್ಲದ ಮನೆಗೆ, ಅದು ಎಷ್ಟು ಉಪಯೋಗ ಎಂದು ನೀವೇ ಯೋಚಿಸಿ.

ಐದು, ಯಾವ ಕಡೆಗೆ ಹಾಕುತ್ತೀರಿ? ಕೋವಿಯ ಕಥೆ ಆಗಲೇ ಹೇಳಿದೆ.

ಹೆಜ್ಜೆ 4: ದುಡ್ಡಿನ ದಾರಿ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಒಂದು ಭಾಗ ಮಾತ್ರ. ತುರ್ತು ಅಲ್ಲದ ಆಪರೇಶನ್‌ಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ನಮ್ಮ ಜಿಲ್ಲೆಯಲ್ಲಿ ಅದು ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ಸಿಗುತ್ತದೆ. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಆರೋಗ್ಯಮಿತ್ರ ಎನ್ನುವ ಸಿಬ್ಬಂದಿ ಎಲ್ಲಿ ಕೂರುತ್ತಾರೆ ಎಂದು ಕೇಳಿ, ಅವರನ್ನು ಹಿಡಿಯಿರಿ. ಆಪರೇಶನ್ ಆದ ಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಯೋಜನೆ ಇದೆ. ಕೊಡಗಿನಲ್ಲಿ ಸಂಘದ ಸದಸ್ಯತ್ವ ಇಲ್ಲದ ಮನೆ ಕಡಿಮೆ, ಆದರೆ ವಂತಿಗೆ ಕಟ್ಟುವ ದಿನ ಮರೆಯುವ ಮನೆ ಬಹಳ.

ಕೈಯಿಂದ ಕಟ್ಟುವವರು ಬಿಲ್ಲಿನಲ್ಲಿ ಇಂಪ್ಲಾಂಟ್‌ನ, ಅಂದರೆ ದೇಹದೊಳಗೆ ಇಡುವ ವಸ್ತುವಿನ, ದರವನ್ನು ಬೇರೆಯಾಗಿ ತೋರಿಸಲು ಹೇಳಿ. ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ, ಮಂಡಿಯ ಇಂಪ್ಲಾಂಟ್‌ಗೆ ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ದರ ಕಟ್ಟಿತು. ಜಾಸ್ತಿ ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ಇಟ್ಟ ದರ ತೆರಿಗೆ ಬಿಟ್ಟು 54,720 ರೂಪಾಯಿ. ಆಮೇಲೆ ದರ ಬದಲಾಗುತ್ತಾ ಬಂದಿದೆ, ಈಗಿನದನ್ನು ಆಸ್ಪತ್ರೆಯಲ್ಲೇ ಕೇಳಿ. ಇದು ವಸ್ತುವಿನ ದರ ಮಾತ್ರ, ಆಪರೇಶನ್ ಖರ್ಚು ಬೇರೆ. "ವಿದೇಶಿ ಮಂಡಿ, ಸ್ಪೆಷಲ್ ಮಂಡಿ" ಎಂದು ಯಾರಾದರೂ ಎರಡು ಪಟ್ಟು ಹೇಳಿದರೆ ಸ್ಪೆಷಲ್ ಅಂದರೆ ಏನು ಎಂದು ಬಿಡಿಸಿ ಕೇಳಬೇಕು.

ಹೆಜ್ಜೆ 5: ದಿನ ನೋಡಿ, ಮಳೆ ನೋಡಿ

ಹೃದಯದ ಬಡಿತ ನಿಂತು ನಿಂತು ತಲೆ ತಿರುಗಿ ಬೀಳುವವರಿಗೆ ಕಾಯಲು ಹೇಳುವವಳಲ್ಲ ನಾನು. ಅವರು ಜುಲೈ ಆದರೂ ಹೋಗಲೇಬೇಕು. ಆದರೆ ಮಂಡಿಯಂಥ, ನಾವೇ ದಿನ ಇಟ್ಟುಕೊಳ್ಳಬಹುದಾದ ಆಪರೇಶನ್‌ಗೆ ಜೂನ್‌ನಿಂದ ಆಗಸ್ಟ್ ಬೇಡ. ಗಾಯ ಒಣಗಬೇಕು, ಬಟ್ಟೆಯೇ ಒಣಗದ ದಿನಗಳು ಅವು. ನಡೆಯಲು ಕಲಿಯಬೇಕು, ಅಂಗಳವೆಲ್ಲ ಪಾಚಿ. ಚೆಕಪ್‌ಗೆ ಹೋಗಬೇಕು, ರಸ್ತೆಗೆ ಯಾವಾಗ ಮಣ್ಣು ಕುಸಿಯುತ್ತದೋ ಹೇಳಲಾಗದು. 2018ರ ಆಗಸ್ಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆಗ ಯಾರಿಗೂ ಪುರುಸೊತ್ತಿಲ್ಲ. ರೋಬಸ್ಟಾ ಮುಗಿದು ಮೆಣಸು ಕೊಯ್ಲು ನಡೆಯುವ ಮಾರ್ಚ್, ಏಪ್ರಿಲ್ ನಮಗೆ ಸರಿಹೋಯಿತು. ಮಳೆ ಹಿಡಿಯುವಷ್ಟರಲ್ಲಿ ಅತ್ತೆ ಕೋಲಿಲ್ಲದೆ ಒಳಗೆ ಓಡಾಡುತ್ತಿದ್ದರು. ಹೋಗುವ ಮುಂಚೆ ಮನೆಯಲ್ಲಿ ಕಮೋಡ್ ಹಾಕಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ. ಬಂದ ಮೇಲೆ ಗಾರೆಯವರನ್ನು ಹುಡುಕುವುದು ಬೇಡ.

ಹೆಜ್ಜೆ 6: ಮನೆಗೆ ಬಂದ ಮೊದಲ ಆರು ವಾರ

ಪೇಸ್‌ಮೇಕರ್ ಹಾಕಿದ ಕಡೆಯ ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಹೊಸ ಲೀಡ್ ಹೃದಯದಲ್ಲಿ ಗಟ್ಟಿಯಾಗಿ ಕೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಕೈ ಎಳೆದರೆ ಅದು ಜಾಗ ಬಿಡಬಹುದು. ಸೀಬೆಹಣ್ಣು ಕೀಳುವುದು, ಅಟ್ಟದಿಂದ ಡಬ್ಬ ಇಳಿಸುವುದು, ಬಾವಿಯಿಂದ ನೀರು ಸೇದುವುದು ಬೇಡ. ಹಾಗೆಂದು ಕೈಯನ್ನು ಜೋಳಿಗೆಗೆ ಕಟ್ಟಿ ಅಲ್ಲಾಡಿಸದೆ ಇಟ್ಟರೂ ಹೆಗಲು ಹಿಡಿದುಕೊಳ್ಳುತ್ತದೆ. ಹೆಗಲಿನ ಕೆಳಗೆ ಮಾಮೂಲಾಗಿ ಆಡಿಸಿ. ನಮ್ಮಪ್ಪ ಮಾಡಿದ ತಪ್ಪು ಅದೇ, ಹೆದರಿ ಒಂದು ತಿಂಗಳು ಕೈಯನ್ನೇ ಆಡಿಸಲಿಲ್ಲ.

ಏಣಿಯ ವಿಷಯ. ಆರು ವಾರದ ಮೇಲೆ ಡಾಕ್ಟರ್ ಒಪ್ಪಿದರೆ ಪೇಸ್‌ಮೇಕರ್‌ನವರು ಹತ್ತಬಹುದು. ಅಪ್ಪ ಮೊದಲು ಏಣಿಯಿಂದ ಬಿದ್ದದ್ದೇ ಬಡಿತ ನಿಧಾನವಾಗಿ. ಪೇಸ್‌ಮೇಕರ್ ಬಂದ ಮೇಲೆ ಆ ಭಯ ಕಡಿಮೆಯಾಯಿತು. ಐಸಿಡಿಯವರಿಗೆ ಏಣಿ ಬೇಡವೇ ಬೇಡ. ಅದು ಯಾವಾಗ ಶಾಕ್ ಕೊಡುತ್ತದೆ ಎಂದು ಗೊತ್ತಿಲ್ಲ, ಕೆಳಗೆ ಹಿಡಿದುಕೊಳ್ಳುವವರು ಇದ್ದರೂ ಉಪಯೋಗವಿಲ್ಲ.

ಗಾಯದ ಜಾಗ ಕೆಂಪಾದರೆ, ಊದಿಕೊಂಡರೆ, ಕೀವು ಬಂದರೆ, ಜ್ವರ ಬಂದರೆ ತಡ ಮಾಡಬೇಡಿ. ಎಣ್ಣೆ, ಅರಿಶಿನ, ಕಷಾಯದ ಪಟ್ಟು ಏನೂ ಬೇಡ. ಆ ಕಡೆಯ ಕೈ ಊದಿಕೊಂಡರೆ, ನಿಲ್ಲದ ಬಿಕ್ಕಳಿಕೆ ಬಂದರೆ, ಮತ್ತೆ ತಲೆ ತಿರುಗಿದರೆ ಆಸ್ಪತ್ರೆಗೆ ಫೋನ್ ಮಾಡಿ. ಬಿಕ್ಕಳಿಕೆಗೂ ಪೇಸ್‌ಮೇಕರ್‌ಗೂ ಏನು ಸಂಬಂಧ ಅನ್ನಬಹುದು. ಲೀಡ್ ಜಾಗ ಬಿಟ್ಟರೆ ಅದರ ಕರೆಂಟು ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಸ್ನಾಯುವನ್ನು ಕುಣಿಸಬಹುದು. ಐಸಿಡಿ ಒಂದು ಶಾಕ್ ಕೊಟ್ಟು ಆಮೇಲೆ ಆರಾಮಾಗಿದ್ದರೆ ಡಾಕ್ಟರಿಗೆ ಅದೇ ದಿನ ತಿಳಿಸಿ. ಒಂದರ ಹಿಂದೆ ಒಂದು ಶಾಕ್ ಬಂದರೆ ಅಥವಾ ಒಂದೇ ಶಾಕ್ ಆದರೂ ಸಂಕಟ ಇದ್ದರೆ 108ಕ್ಕೆ ಕರೆ ಮಾಡಿ.

ಹೆಜ್ಜೆ 7: ಕಾರ್ಡು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾವು ಎಡವಿದ್ದು ಇಲ್ಲೇ. ಪ್ರತಿ ಇಂಪ್ಲಾಂಟ್‌ನ ಪೆಟ್ಟಿಗೆಯಲ್ಲಿ ಸ್ಟಿಕ್ಕರ್ ಇರುತ್ತದೆ. ಕಂಪನಿ, ಮಾಡೆಲ್, ಸೀರಿಯಲ್ ಅಥವಾ ಲಾಟ್ ನಂಬರ್ ಅದರಲ್ಲಿರುತ್ತದೆ. ಅದರ ಒಂದು ಪ್ರತಿ ನಿಮ್ಮ ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡಬೇಕು. ಪೇಸ್‌ಮೇಕರ್‌ಗೆ ಜೇಬಿನಲ್ಲಿಡುವ ಕಾರ್ಡ್ ಬೇರೆ. ಅಪ್ಪನಿಗೆ ಹಾಕಿದ ಆಸ್ಪತ್ರೆಯವರು "ಕಾರ್ಡ್ ಪೋಸ್ಟ್‌ನಲ್ಲಿ ಬರುತ್ತೆ" ಅಂದರು. ಬರಲಿಲ್ಲ. ನಾವೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಒಂದು ರಾತ್ರಿ ಅಪ್ಪನಿಗೆ ಸುಸ್ತಾಗಿ ಬೇರೆ ಆಸ್ಪತ್ರೆಗೆ ಓಡಿದರೆ ಮೊದಲ ಪ್ರಶ್ನೆಯೇ ಅದು: ಯಾವ ಕಂಪನಿ? ನಮಗೆ ಗೊತ್ತಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ "ಪೇಸ್‌ಮೇಕರ್ ಹಾಕಲಾಗಿದೆ" ಎಂದಷ್ಟೇ. ಎಕ್ಸ್‌ರೇ ತೆಗೆದು, ಡಬ್ಬಿಯ ಆಕಾರ ನೋಡಿ, ಕಂಪನಿ ಕಂಡುಹಿಡಿಯುವಷ್ಟರಲ್ಲಿ ಬೆಳಗಾಯಿತು.

ಇದು ಬರೀ ನಮ್ಮ ಮನೆಯ ಕಥೆ ಅಲ್ಲ. ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಅದರ ಕಂಪನಿ 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಿತು. ಲೋಹ ಸವೆದು ರಕ್ತಕ್ಕೆ ಸೇರುತ್ತಿತ್ತು. ಭಾರತದಲ್ಲಿ ಸುಮಾರು 4,700 ಆಪರೇಶನ್‌ಗಳಲ್ಲಿ ಅದನ್ನು ಹಾಕಿದ್ದರು. ಆಮೇಲೆ ಪರಿಹಾರದ ಮಾತು ಬಂದಾಗ ಅವರಲ್ಲಿ ಬಹಳ ಜನರ ಪತ್ತೆಯೇ ಆಗಲಿಲ್ಲ. ತಮ್ಮ ಸೊಂಟದಲ್ಲಿ ಇರುವುದು ಅದೇ ಎಂದು ಎಷ್ಟು ಜನರಿಗೆ ಗೊತ್ತಿತ್ತೋ!

ಹಾಗಾಗಿ ಡಿಸ್ಚಾರ್ಜ್ ದಿನ, ಬಿಲ್ ಕಟ್ಟುವ ಮುಂಚೆ, ಸ್ಟಿಕ್ಕರ್ ಇದೆಯಾ ನೋಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗೆ ಕಳಿಸಿ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗೋಡೆಯ ಬೀರುವಿನಲ್ಲಿ ಬೇಡ, ತೇವಕ್ಕೆ ಅಕ್ಷರವೇ ಹೋಗುತ್ತದೆ. ನಮ್ಮದು ಈಗ ಅಕ್ಕಿ ಡಬ್ಬದ ಪಕ್ಕದ ಸ್ಟೀಲ್ ಡಬ್ಬದಲ್ಲಿದೆ. ಕಣ್ಣಿನ ಪೊರೆ ಆಪರೇಶನ್ ಆದವರೂ ನಗಬೇಡಿ, ನಿಮ್ಮ ಕಣ್ಣೊಳಗಿನ ಲೆನ್ಸೂ ಇಂಪ್ಲಾಂಟೇ. ಅದಕ್ಕೂ ಸ್ಟಿಕ್ಕರ್ ಇದೆ.

ವಿಮಾನ ನಿಲ್ದಾಣದಲ್ಲಿ ಕಾರ್ಡ್ ತೋರಿಸಿ. ಲೋಹ ಪತ್ತೆ ಮಾಡುವ ಚೌಕಟ್ಟಿನಲ್ಲಿ ನಿಲ್ಲದೆ ನಡೆದು ಹೋದರೆ ತೊಂದರೆ ಇಲ್ಲ. ಸಿಬ್ಬಂದಿ ಕೈಯಲ್ಲಿ ಹಿಡಿದು ತಪಾಸಣೆ ಮಾಡುವ ಕೋಲನ್ನು ಪೇಸ್‌ಮೇಕರ್ ಮೇಲೆ ಹಿಡಿದು ನಿಲ್ಲಿಸಬೇಡಿ ಎಂದು ಹೇಳಿ.

ಹೆಜ್ಜೆ 8: ತೊಂದರೆಯಾದರೆ ದೂರು ಎಲ್ಲಿ

ಮೊದಲು ಹಾಕಿದ ಡಾಕ್ಟರಿಗೆ, ಬರವಣಿಗೆಯಲ್ಲಿ. ಅದರ ಜೊತೆಗೆ ವೈದ್ಯಕೀಯ ಸಾಧನಗಳಿಂದ ಆಗುವ ತೊಂದರೆಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ವ್ಯವಸ್ಥೆ ಒಂದಿದೆ. ಹೆಸರು ಮೆಟೀರಿಯೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ. 2015ರಲ್ಲಿ ಶುರುವಾದದ್ದು, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ಉಚಿತ ಸಹಾಯವಾಣಿ 1800-180-3024. ಇದು ಪರಿಹಾರ ಕೊಡಿಸುವ ಜಾಗ ಅಲ್ಲ, ಅದಕ್ಕೆ ಗ್ರಾಹಕರ ಆಯೋಗ ಇದೆ. ಆದರೆ ಒಂದೇ ಮಾಡೆಲ್‌ನ ಮೇಲೆ ಹತ್ತು ಕಡೆಯಿಂದ ದೂರು ಬಂದರೆ ಅಲ್ಲಿ ಗೊತ್ತಾಗುತ್ತದೆ. ಅಲ್ಲಿಗೂ ಬೇಕಾಗುವುದು ಮತ್ತೆ ಅದೇ ಸ್ಟಿಕ್ಕರ್ ನಂಬರ್.

ಹೆಜ್ಜೆ 9: ಯಾರೂ ಎತ್ತದ ಮಾತು

ಇದನ್ನು ನಮ್ಮ ಮನೆಯಲ್ಲಿ ಎತ್ತಿದ್ದು ಅಪ್ಪನೇ. ಎರಡನೇ ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ವಾರ, ಊಟಕ್ಕೆ ಕೂತಾಗ, "ನನ್ನನ್ನ ಸುಡೋ ಮುಂಚೆ ಇದನ್ನ ತೆಗೆಸಬೇಕಂತೆ, ನಿಂಗೆ ಗೊತ್ತಾ?" ಅಂದರು. ಅಮ್ಮ ಎದ್ದು ಒಳಗೆ ಹೋದರು. ಅಪ್ಪ ಹೇಳಿದ್ದು ಸರಿ. ಬೆಂಕಿಯ ಬಿಸಿಗೆ ಪೇಸ್‌ಮೇಕರ್‌ನ ಬ್ಯಾಟರಿ ಸಿಡಿಯುತ್ತದೆ. ಚಿತಾಗಾರದಲ್ಲಿ ಯಂತ್ರಕ್ಕೆ ಹಾನಿ, ತೋಟದಲ್ಲೇ ಸೌದೆ ಜೋಡಿಸಿ ಸುಡುವ ನಮ್ಮ ಕಡೆ ಸುತ್ತ ನಿಂತವರಿಗೆ ಅಪಾಯ. ಹೂಳುವ ಮನೆತನದವರಿಗೆ ಈ ತೊಂದರೆ ಇಲ್ಲ. ಮಂಡಿ, ಸ್ಟೆಂಟ್, ಕವಾಟದಲ್ಲಿ ಬ್ಯಾಟರಿ ಇಲ್ಲ, ಅವನ್ನು ತೆಗೆಯಬೇಕಾಗಿಲ್ಲ.

ಐಸಿಡಿ ಇರುವವರ ಮನೆಯವರು ಇನ್ನೊಂದು ಮಾತನ್ನೂ ಆಡಿಕೊಳ್ಳಬೇಕು. ಇನ್ನು ಗುಣವಾಗುವುದಿಲ್ಲ ಎಂದು ಗೊತ್ತಾದ ಕಾಯಿಲೆಯ ಕೊನೇ ದಿನಗಳಲ್ಲಿ ಅದರ ಶಾಕ್ ಕೊಡುವ ಭಾಗವನ್ನು ಆರಿಸಿಡಬಹುದು. ಆಪರೇಶನ್ ಬೇಡ, ಪ್ರೋಗ್ರಾಮರ್‌ನಲ್ಲೇ ಆಗುತ್ತದೆ. ಆರಿಸಿದರೆ ಪ್ರಾಣ ಅಲ್ಲೇ ಹೋಗುವುದಿಲ್ಲ. ಹೋಗುವ ಹೊತ್ತಿನಲ್ಲಿ ಸುಮ್ನೆ ಶಾಕ್ ಮೇಲೆ ಶಾಕ್ ತಿನ್ನುವುದು ತಪ್ಪುತ್ತದೆ. ರೋಗಿಗೆ ಮಾತು ಬರುವಾಗಲೇ ಅವರನ್ನೇ ಕೇಳಿ ಡಾಕ್ಟರಿಗೆ ತಿಳಿಸಿ.

ತೀರಿಕೊಂಡ ಮೇಲೆ ಪೇಸ್‌ಮೇಕರ್ ತೆಗೆಯುವುದು ಸಣ್ಣ ಕೆಲಸ, ಕೆಲವು ನಿಮಿಷದ್ದು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಂದ ಹೊರಡುವ ಮುಂಚೆಯೇ ಹೇಳಿ. ಮನೆಯಲ್ಲಾದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಿಳಿಸಿ. ಮನೆಯವರೇ ಕುಯ್ಯಲು ಹೋಗಬೇಡಿ, ಅದೂ ಐಸಿಡಿ ಆದರೆ ಆರಿಸದೆ ಮುಟ್ಟಿದವರಿಗೂ ಶಾಕ್ ಹೊಡೆಯಬಹುದು. ತೆಗೆದದ್ದನ್ನು ಕಸಕ್ಕೆ ಹಾಕಬೇಡಿ, ಆಸ್ಪತ್ರೆಗೇ ಕೊಡಿ. ಅಪ್ಪ ಇದನ್ನೆಲ್ಲ ನಾಲ್ಕು ಸಾಲಿನಲ್ಲಿ ಬರೆದು, ಸಹಿ ಹಾಕಿ, ಸ್ಟೀಲ್ ಡಬ್ಬದಲ್ಲಿ ಕಾರ್ಡಿನ ಜೊತೆ ಇಟ್ಟಿದ್ದಾರೆ. ಇಟ್ಟು ಸಂಜೆಗೆ ಬೇಲಿಯ ಗೇಟು ಹಾಕಲು ಹೊರಟರು. ಮರದ ಹಿಡಿ ಹಾಕಿಸಿದ್ದೇವೆ, ತಂತಿ ಮುಟ್ಟದೆ ಅದನ್ನೇ ಹಿಡಿದು ಎಳೆಯುತ್ತಾರೆ.